ಸೊನ್ನೆ ನಂಬರಿನ ಅಜ್ಜ ಮತ್ತು ನಲವತ್ತು ದಾಟಿದವರ ಸೈಕಲ್ಲು

ಸ್ಟಾಕ್‌ಹೋಮಿನಲ್ಲಿ ಮೇ ತಿಂಗಳು ಬಂತು ಅಂದ್ರೆ ಒಂದು ವಿಚಿತ್ರ ಶುರುವಾಗತ್ತೆ. ಚಳಿಗಾಲವೆಲ್ಲ ದಪ್ಪ ಕೋಟಿನೊಳಗೆ ಮುದುರಿಕೊಂಡು, ಮೆಟ್ರೋದಲ್ಲಿ ಪಕ್ಕ ಕೂತವರ ಮುಖವನ್ನೂ ನೋಡದೆ ಓಡಾಡ್ತಿದ್ದ ಜನ ಇದ್ದಕ್ಕಿದ್ದಂತೆ ಮೈಗಂಟಿದ ಚಡ್ಡಿ ತೊಟ್ಟು, ಹೆಲ್ಮೆಟ್ ಏರಿಸಿ, ತೆಳು ಟೈರಿನ ಸೈಕಲ್ ಹತ್ತಿ ಊರಾಚೆ ಹೊರಟುಬಿಡ್ತಾರೆ. ಇವರೆಲ್ಲ ಕಾಲೇಜು ಹುಡುಗರು ಅಂದ್ಕೋಬೇಡಿ. ಶನಿವಾರ ಬೆಳಿಗ್ಗೆ ದ್ರೊಟ್ನಿಂಗ್‌ಹೋಲ್ಮ್ ಅರಮನೆ ದಾಟಿ ಏಕೆರೋ ಕಡೆಯ ರಸ್ತೆಗೆ ಹೋಗಿ ನೋಡಿದ್ರೆ, ಸಾಲಾಗಿ ಹೋಗ್ತಿರೋರಲ್ಲಿ ಬಹಳಷ್ಟು ಜನ ನಲವತ್ತೈದು, ಐವತ್ತು, ಕೆಲವರು ಅರವತ್ತು ದಾಟಿದವರು. ನಮ್ಮ ಆಫೀಸಿನಲ್ಲೇ ಐವತ್ತೆರಡು ವರ್ಷದ ಮ್ಯಾನೇಜರ್ ಒಬ್ಬರಿದ್ದಾರೆ. ಹುಡುಗರಾಗಿದ್ದಾಗ ಸೈಕಲ್ ಹೊಡೀತಿದ್ರಂತೆ, ಆಮೇಲೆ ಮದುವೆ, ಮಕ್ಕಳು, ಕಾರು, ಮನೆ ಸಾಲ ಅಂತ ಇಪ್ಪತ್ತು ವರ್ಷ ಬಿಟ್ಟಿದ್ದರಂತೆ. ಈಗ ಜೂನ್ ತಿಂಗಳಲ್ಲಿ ಒಂದೇ ಏಟಿಗೆ 315 ಕಿಲೋಮೀಟರ್ ಹೊಡೀತಾರೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗಿ, ಇನ್ನೂ ಸ್ವಲ್ಪ ಮುಂದಕ್ಕೆ ಹೋದ ಹಾಗೆ!

ಇವರಿಗೇನು ಹುಚ್ಚು ಅಂತ ಮೊದಮೊದಲು ಅನ್ನಿಸಿತ್ತು. ಈ ಹುಚ್ಚಿಗೂ ಒಂದು ಇತಿಹಾಸ ಇದೆ ಅಂತ ಆಮೇಲೆ ಗೊತ್ತಾಯ್ತು. ಓದ್ತಾ ಹೋದ ಹಾಗೆ ಅದು ಬರೀ ಸೈಕಲ್ಲಿನ ಕಥೆಯಾಗಿ ಉಳೀಲಿಲ್ಲ, "ನಿನಗೆ ವಯಸ್ಸಾಯ್ತು, ಸಾಕು ಬಿಡು" ಅಂತ ಹೇಳೋ ಹಕ್ಕು ಯಾರದ್ದು ಅನ್ನೋ ಕಥೆಯೂ ಆಯ್ತು. ಆ ಪ್ರಶ್ನೆ ನನಗೆ ಯಾಕೆ ಮುಖ್ಯ ಅಂತ ಕೊನೆಗೆ ಹೇಳ್ತೀನಿ.

ಮೊದಲು 1912ಕ್ಕೆ ಹೋಗೋಣ. ಆ ವರ್ಷ ಒಲಿಂಪಿಕ್ಸ್ ನಡೆದಿದ್ದು ಇದೇ ಸ್ಟಾಕ್‌ಹೋಮಿನಲ್ಲಿ. ಅದಕ್ಕೆ ಅಂತ ಇಟ್ಟಿಗೆಯಲ್ಲಿ ಕಟ್ಟಿದ ಸ್ಟೇಡಿಯಂ ಇವತ್ತಿಗೂ ಊರ ನಡುವೆ ಗಟ್ಟಿಯಾಗಿ ನಿಂತಿದೆ. ಆ ಒಲಿಂಪಿಕ್ಸ್‌ನಲ್ಲಿ ರಸ್ತೆ ಸೈಕಲ್ ಸ್ಪರ್ಧೆ ಅಂತ ಇದ್ದಿದ್ದು ಒಂದೇ. ಊರಿನ ಪಶ್ಚಿಮಕ್ಕೆ ಹರಡಿಕೊಂಡಿರೋ ಮೆಲಾರೆನ್ ಸರೋವರವನ್ನ ಒಂದು ಸುತ್ತು ಹಾಕಿ ಬರಬೇಕು, ಸುಮಾರು 315 ಕಿಲೋಮೀಟರ್. ಜುಲೈ 7ರ ಬೆಳಗಿನ ಜಾವ ಎರಡು ಗಂಟೆಗೆ ಮೊದಲನೆಯವನನ್ನ ಬಿಟ್ಟರು, ಆಮೇಲೆ ಎರಡೆರಡು ನಿಮಿಷಕ್ಕೆ ಒಬ್ಬೊಬ್ಬರನ್ನ. (ಬೇಸಿಗೆಯಲ್ಲಿ ಇಲ್ಲಿ ಎರಡು ಗಂಟೆ ಅಂದ್ರೆ ಪೂರ್ತಿ ಕತ್ತಲೆಯೇನಲ್ಲ, ನಮ್ಮ ಮುಂಜಾವಿನ ಥರ ಒಂದು ನಸುಬೆಳಕು ಇರತ್ತೆ.) ರಸ್ತೆ ಮಣ್ಣಿಂದು, ಸೈಕಲ್ಲಿಗೆ ಗೇರ್ ಇಲ್ಲ. ಸ್ವೀಡನ್ನಿನ ಕಾರ್ಲ್ ಲಾಂಡ್ಸ್‌ಬೆರಿ ಅನ್ನೋ ಸ್ಪರ್ಧಿಗೆ ದಾರಿಯಲ್ಲಿ ಮೋಟಾರು ಗಾಡಿ ಢಿಕ್ಕಿ ಹೊಡೆದು ಸ್ವಲ್ಪ ದೂರ ಎಳೆದುಕೊಂಡು ಹೋಯ್ತು. ಗೆದ್ದವನು ದಕ್ಷಿಣ ಆಫ್ರಿಕಾದ ರುಡಾಲ್ಫ್ ಲೂಯಿಸ್. ಅವನು ತೆಗೆದುಕೊಂಡ ಸಮಯ 10 ಗಂಟೆ 42 ನಿಮಿಷ 39 ಸೆಕೆಂಡು. ಗಂಟೆಗೆ ಸುಮಾರು 29 ಕಿಲೋಮೀಟರ್ ಲೆಕ್ಕ. ತಂಡದ ಚಿನ್ನ ಸ್ವೀಡನ್ನಿಗೆ ಬಂತು.

315 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ಇವತ್ತು ನಮ್ಮ ಮ್ಯಾನೇಜರ್ ಹೊಡೆಯೋದೂ ಅಷ್ಟೇ ದೂರ. ನೂರು ಚಿಲ್ಲರೆ ವರ್ಷದ ಹಿಂದೆ ಜಗತ್ತಿನ ಅತ್ಯುತ್ತಮ ಸೈಕಲ್ಲಿಗರಿಗೆ ಅಂತ ಇಟ್ಟಿದ್ದ ದೂರವನ್ನ ಇವತ್ತು ಅಕೌಂಟೆಂಟು, ನರ್ಸು, ಮೇಷ್ಟ್ರು, ಸಾಫ್ಟ್‌ವೇರಿನವರು ಎಲ್ಲ ಹೊಡೀತಾರೆ. ರಸ್ತೆ ಚೆನ್ನಾಗಾಯ್ತು, ಸೈಕಲ್ ಹಗುರ ಆಯ್ತು, ಗೇರ್ ಬಂತು, ಎಲ್ಲ ನಿಜ. ಆದರೆ ಅದಿಷ್ಟೇ ಸಾಕಾಗ್ತಿರಲಿಲ್ಲ. ನಡುವೆ ಜನರ ತಲೆಯೊಳಗೂ ಒಂದು ಬದಲಾವಣೆ ಆಗಬೇಕಿತ್ತು. ಅದಕ್ಕೆ ಒಬ್ಬ ಅಜ್ಜ ಬರಬೇಕಾಯ್ತು.

ಅಜ್ಜನ ಹೆಸರು ಗುಸ್ತಾಫ್ ಹೋಕನ್‌ಸೊನ್. ಹುಟ್ಟಿದ್ದು 1885ರ ಅಕ್ಟೋಬರ್ 15. ಸ್ವೀಡನ್ನಿನ ದಕ್ಷಿಣದ ತುದಿಯ ಸ್ಕೋನೆ ಪ್ರಾಂತ್ಯದವನು. 1951ರಲ್ಲಿ "ಸ್ವೇರಿಯೆಲೊಪೆಟ್" ಅಂತ, ಅಂದ್ರೆ ಸ್ವೀಡನ್ ಓಟ ಅಂತ, ಒಂದು ಸೈಕಲ್ ಸ್ಪರ್ಧೆ ಏರ್ಪಾಡಾಯ್ತು. ಉತ್ತರದಲ್ಲಿ ಫಿನ್‌ಲ್ಯಾಂಡಿನ ಗಡಿಗಂಟಿಕೊಂಡಿರೋ ಹಪರಾಂಡಾದಿಂದ ದಕ್ಷಿಣದ ಸಮುದ್ರ ತೀರದ ಈಸ್ಟಾಡ್‌ವರೆಗೆ, 1,764 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ, ತಿರುಗಿಸಿಕೊಂಡು ಮತ್ತೆ ಬೀದರಿಗೆ ಬಂದ ಹಾಗೆ, ಹೆಚ್ಚು ಕಡಿಮೆ. ಅಜ್ಜನೂ ಅರ್ಜಿ ಹಾಕಿದ. ಸ್ಪರ್ಧೆ ನಡೆಸೋರು ಆಗಲ್ಲ ಅಂದ್ರು. ನಲವತ್ತು ದಾಟಿದವರಿಗೆ ಪ್ರವೇಶ ಇಲ್ಲ, ನಿಮಗೆ ಅರವತ್ತಾರು.

(ಇಲ್ಲೊಂದು ಎಂಜಿನಿಯರ್ ತಕರಾರು. ಎಲ್ಲ ಕಡೆ ಅರವತ್ತಾರು ಅಂತಲೇ ಬರೆದಿರ್ತಾರೆ. ಹುಟ್ಟಿದ ದಿನದಿಂದ ಲೆಕ್ಕ ಹಾಕಿದ್ರೆ 1951ರ ಜುಲೈನಲ್ಲಿ ಅಜ್ಜನಿಗೆ ತುಂಬಿದ್ದು ಅರವತ್ತೈದೇ, ಅರವತ್ತಾರು ನಡೀತಿತ್ತು ಅಷ್ಟೆ. ನಮ್ಮ ಕಡೆ ನಡೀತಿರೋ ವರ್ಷವನ್ನೇ ವಯಸ್ಸು ಅಂತ ಹೇಳ್ತಾರಲ್ಲ, ಹಾಗೆ ಓದಿಕೊಂಡ್ರೆ ಸರಿಹೋಗತ್ತೆ.)

ಬೇರೆಯವರಾಗಿದ್ರೆ ಬೈದುಕೊಂಡು ಮನೆಗೆ ಹೋಗ್ತಿದ್ರು. ಈ ಅಜ್ಜ ಏನು ಮಾಡಿದ ಗೊತ್ತಾ? ದಕ್ಷಿಣದ ತನ್ನ ಊರಿನಿಂದ ಉತ್ತರದ ಹಪರಾಂಡಾಕ್ಕೆ ಸೈಕಲ್ಲಿನಲ್ಲೇ ಹೊರಟ. ಅಂದ್ರೆ ಸ್ಪರ್ಧೆ ಶುರುವಾಗೋಕೆ ಮುಂಚೆಯೇ ಇಡೀ ದೇಶ ಒಂದು ಸಲ ಹತ್ತಿ ಆಗಿತ್ತು. ನಂಬರ್ ಕೊಡಲಿಲ್ಲ ಅಲ್ವಾ, ತಾನೇ ಒಂದು ನಂಬರ್ ಹಾಕಿಕೊಂಡ: 0. ಎಲ್ಲರೂ ಹೊರಟ ಮೇಲೆ, ಬಿಳಿ ಗಡ್ಡ ಗಾಳಿಗೆ ಹಾರಿಸಿಕೊಂಡು ಅಜ್ಜನೂ ಹೊರಟ.

ಸ್ಪರ್ಧೆಯವರಿಗೆ ದಿನಕ್ಕಿಷ್ಟು ದೂರ ಅಂತ ಹಂತ ಗೊತ್ತು ಮಾಡಿದ್ರು. ಸಂಜೆ ಒಂದು ಊರು ತಲುಪಿ, ಉಂಡು ಮಲಗಿ, ಬೆಳಿಗ್ಗೆ ಮತ್ತೆ ಹೊರಡಬೇಕು. ಅಜ್ಜ ಪಟ್ಟಿಯಲ್ಲೇ ಇರಲಿಲ್ಲ, ಹಾಗಾಗಿ ಅವನಿಗೆ ಹಂತವೂ ಇಲ್ಲ ರಾತ್ರಿಯೂ ಇಲ್ಲ. ಉಳಿದವರು ಮಲಗಿದ್ದಾಗ ಅಜ್ಜ ತುಳೀತಾ ಇದ್ದ. ನಿದ್ದೆ ತಡೆಯಕ್ಕಾಗದೆ ಹೋದಾಗ ಒಂದಿಷ್ಟು ಹೊತ್ತು ಮಲಗೋದು, ಏಳೋದು, ಮತ್ತೆ ಹೊರಡೋದು. ಪತ್ರಿಕೆಯವರು ಹಿಂದೆ ಬಿದ್ದರು. ಎರಡು ದಿನ ಆಗೋ ಹೊತ್ತಿಗೆ ನಿಜವಾದ ಸ್ಪರ್ಧೆಯಲ್ಲಿ ಯಾರು ಮುಂದಿದ್ದಾರೆ ಅಂತ ಕೇಳೋರೇ ಇಲ್ಲ, ಅಜ್ಜ ಎಲ್ಲಿಗೆ ಬಂದ ಅನ್ನೋದೇ ಸುದ್ದಿ. ದಾರಿಯ ಎರಡೂ ಕಡೆ ಜನ ನಿಂತರು. ನಡುವೆ ಸೋದರ್‌ಹಾಮ್ನ್ ಅನ್ನೋ ಊರಿನಲ್ಲಿ ಪೊಲೀಸರು ಗಾಬರಿಯಾಗಿ ನಿಲ್ಲಿಸಿ ವೈದ್ಯರಿಂದ ಪರೀಕ್ಷೆ ಮಾಡಿಸಿದ್ರು. ಅಜ್ಜನ ಆರೋಗ್ಯದಲ್ಲಿ ಏನೂ ಏರುಪೇರು ಇರಲಿಲ್ಲ, ಬಿಟ್ಟುಕಳಿಸಿದ್ರು.

ಅಜ್ಜ ಈಸ್ಟಾಡ್ ತಲುಪಿದ್ದು ಜುಲೈ 7ಕ್ಕೆ. ಮೆಲಾರೆನ್ ಸುತ್ತಿದ ಒಲಿಂಪಿಕ್ಸ್ ಓಟಕ್ಕೆ ಸರಿಯಾಗಿ ಮೂವತ್ತೊಂಬತ್ತು ವರ್ಷ ತುಂಬಿದ ದಿನ. ತೆಗೆದುಕೊಂಡ ಸಮಯ 6 ದಿನ, 14 ಗಂಟೆ, 20 ನಿಮಿಷ. ಸ್ಪರ್ಧೆಯವರು ಬಂದಿದ್ದು ಅದಕ್ಕಿಂತ ಒಂದು ದಿನ ತಡವಾಗಿ. ಜನ ಅಜ್ಜನನ್ನ ಹೆಗಲ ಮೇಲೆ ಹೊತ್ತು ಕುಣಿದ್ರು. ಮಾರನೇ ದಿನ ರಾಜ ಆರನೇ ಗುಸ್ತಾಫ್ ಅಡಾಲ್ಫ್ ಕರೆಸಿಕೊಂಡು ಮಾತಾಡಿಸಿದ. ಸ್ವೀಡಿಶ್ ಭಾಷೆಯಲ್ಲಿ ಸೂಪರ್‌ಮ್ಯಾನ್‌ಗೆ "ಸ್ಟೋಲ್‌ಮಾನೆನ್" ಅಂತಾರೆ, ಉಕ್ಕಿನ ಮನುಷ್ಯ ಅಂತ. ಅದೇ ಧಾಟಿಯಲ್ಲಿ ಅಜ್ಜನಿಗೆ "ಸ್ಟೋಲ್‌ಫಾರ್‌ಫಾರ್" ಅಂತ ಹೆಸರು ಬಿತ್ತು, ಉಕ್ಕಿನ ತಾತ. ಫಾರ್‌ಫಾರ್ ಅಂದ್ರೆ ಅಪ್ಪನ ಅಪ್ಪ. (ಅಮ್ಮನ ಅಪ್ಪನಿಗೆ ಮೂರ್‌ಫಾರ್. ಈ ವಿಷಯದಲ್ಲಿ ಇಂಗ್ಲಿಷಿಗಿಂತ ಇವರೇ ವಾಸಿ.)

ಈಗ ಸ್ವಲ್ಪ ಲೆಕ್ಕ ಮಾಡೋಣ. 1,764 ಕಿಲೋಮೀಟರನ್ನ 158 ಗಂಟೆಯಿಂದ ಭಾಗಿಸಿದ್ರೆ ಎಷ್ಟು ಬರತ್ತೆ? ಗಂಟೆಗೆ ಹನ್ನೊಂದು ಚಿಲ್ಲರೆ. ನಿದ್ದೆ, ಊಟ, ಪೊಲೀಸು, ಡಾಕ್ಟರು ಎಲ್ಲ ಸೇರಿ. ಹನ್ನೊಂದು ಕಿಲೋಮೀಟರ್ ಅಂದ್ರೆ ನಮ್ಮೂರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗೋರ ವೇಗ! ಆ ಕಾಲದ ಯಾವ ಸ್ಪರ್ಧಿಯ ಪಕ್ಕ ನಿಲ್ಲಿಸಿದ್ರೂ ಅಜ್ಜ ವೇಗದಲ್ಲಿ ಸೋಲ್ತಿದ್ದ. ಅಜ್ಜ ಗೆದ್ದಿದ್ದು ವೇಗದಿಂದ ಅಲ್ಲ, ನಿಲ್ಲದೇ ಇದ್ದಿದ್ದರಿಂದ. ಆಮೆ ಮೊಲದ ಕಥೆ ನಾವು ಎರಡನೇ ಕ್ಲಾಸಲ್ಲಿ ಓದಿದ್ದು, ಈ ದೇಶ ಅದನ್ನ ಕಣ್ಣಾರೆ ನೋಡಿತು. ಹಾಗಂತ ಇದು ನ್ಯಾಯವಾದ ಸ್ಪರ್ಧೆ ಆಗಿರಲಿಲ್ಲ ಅನ್ನೋದೂ ನಿಜ. ಉಳಿದವರಿಗೆ ರಾತ್ರಿ ನಿಲ್ಲಬೇಕು ಅನ್ನೋ ನಿಯಮ ಇತ್ತು, ಅಜ್ಜನಿಗೆ ಇರಲಿಲ್ಲ. ಅದಕ್ಕೇ ಅವನ ಹೆಸರು ಅಧಿಕೃತ ಫಲಿತಾಂಶದಲ್ಲಿ ಇಲ್ಲ. ಆದರೆ ಅವನು ಮುರಿದಿದ್ದು ಬೇರೆಯವರ ದಾಖಲೆಯನ್ನಲ್ಲ, "ನಲವತ್ತರ ಮೇಲೆ ಆಗಲ್ಲ" ಅನ್ನೋ ಸಾಲನ್ನ. ಅಜ್ಜ ಆಮೇಲೂ ಸೈಕಲ್ ಬಿಡಲಿಲ್ಲ. ತೀರಿಕೊಂಡಿದ್ದು 1987ರ ಜೂನ್ 9ಕ್ಕೆ, ನೂರಾ ಒಂದು ತುಂಬಿದ ಮೇಲೆ.

ಇಷ್ಟೆಲ್ಲ ಆದ್ರೂ ದೇಶ ತಕ್ಷಣ ಸೈಕಲ್ ಹತ್ತಿತು ಅಂದ್ಕೊಂಡ್ರೆ ತಪ್ಪು. ಉಲ್ಟಾ ಆಯ್ತು. 1952ರಲ್ಲಿ ಮೊಪೆಡ್‌ಗೆ ಕಾನೂನಿನ ಒಪ್ಪಿಗೆ ಸಿಕ್ತು. ಐವತ್ತು-ಅರವತ್ತರ ದಶಕದಲ್ಲಿ ಸ್ವೀಡನ್ ಯೂರೋಪಿನಲ್ಲೇ ಅತಿ ಹೆಚ್ಚು ಕಾರಿರೋ ದೇಶಗಳಲ್ಲಿ ಒಂದಾಯ್ತು. ಸೈಕಲ್ಲು ಕಾರು ಕೊಳ್ಳೋಕೆ ಆಗದವರ ವಾಹನ ಅಂತ ಆಯ್ತು. 1967ರ ಸೆಪ್ಟೆಂಬರ್ 3ರಂದು ಇಡೀ ದೇಶ ಒಂದೇ ರಾತ್ರಿಯಲ್ಲಿ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತಲ್ಲ, ಆವಾಗ ಸ್ಟಾಕ್‌ಹೋಮಿನ ಒಳಊರಿನ ಟ್ರಾಮುಗಳನ್ನೂ ಎತ್ತಿ ಹಾಕಿದ್ರು. ಊರಿನ ರಸ್ತೆಗಳೆಲ್ಲ ಕಾರಿನ ಪಾಲಾದವು. ನಮ್ಮ ಬೆಂಗಳೂರಿನಲ್ಲಿ ತೊಂಬತ್ತರ ದಶಕದಿಂದ ಈಚೆಗೆ ನಡೆದಿದ್ದು ಇಲ್ಲಿ ಮೂವತ್ತು ವರ್ಷ ಮುಂಚೆ ನಡೀತು, ಅಷ್ಟೆ.

ಹಾಗಾದ್ರೆ ವಾಪಸ್ ಬಂದಿದ್ದು ಹೇಗೆ? ನನಗೆ ಕಾಣೋ ಹಾಗೆ ಮೂರು ಕಾರಣ.

ಮೊದಲನೇದು ರಜೆ. ಸ್ವೀಡನ್ನಿನಲ್ಲಿ 1938ರಲ್ಲೇ ಕೆಲಸ ಮಾಡೋ ಎಲ್ಲರಿಗೂ ಎರಡು ವಾರ ಸಂಬಳದ ರಜೆ ಅಂತ ಕಾನೂನಾಯ್ತು. ಅಜ್ಜ ಸೈಕಲ್ ಹೊಡೆದ 1951ರಲ್ಲಿ ಅದು ಮೂರು ವಾರ ಆಯ್ತು. ಈಗ ಕನಿಷ್ಠ ಐದು ವಾರ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಡುವಯಸ್ಸಿನ ಮನುಷ್ಯನಿಗೆ ತನ್ನದು ಅಂತ ಹೊತ್ತಿಲ್ಲದೆ ಹೋದ್ರೆ ಅವನು ಯಾವ ಆಟಕ್ಕೂ ವಾಪಸ್ ಬರಲ್ಲ. ನಮ್ಮಲ್ಲಿ "ಟೈಮ್ ಎಲ್ಲಿದೆ ಮಾರಾಯ" ಅನ್ನೋದು ನೆಪ ಅಲ್ಲ, ಬಹಳ ಸಲ ನಿಜವೇ.

ಎರಡನೇದು ಸ್ಪರ್ಧೆಯಿಂದ ಸ್ಪರ್ಧೆಯನ್ನ ತೆಗೆದುಹಾಕಿದ್ದು. 1966ರಲ್ಲಿ ಮೂತಾಲಾ ಅನ್ನೋ ಊರಿನಲ್ಲಿ "ವೆಟ್ಟರ್ನ್‌ರುಂಡನ್" ಶುರುವಾಯ್ತು. ವೆಟ್ಟರ್ನ್ ಸ್ವೀಡನ್ನಿನ ಎರಡನೇ ದೊಡ್ಡ ಸರೋವರ. ಅದನ್ನ ಒಂದು ಸುತ್ತು ಹಾಕಿ ಬರೋದು, ಅಷ್ಟೆ. ಮೊದಲು 300 ಕಿಲೋಮೀಟರ್ ಅಂತಿತ್ತು, ಈಗಿನ ದಾರಿಯಲ್ಲಿ 315. ಮೊದಲ ವರ್ಷ ಕೆಲವೇ ನೂರು ಜನ ಬಂದಿದ್ರು, ಆಮೇಲೆ ಇಪ್ಪತ್ತು ಸಾವಿರ ದಾಟಿದ ವರ್ಷಗಳೂ ಇವೆ. ಇಲ್ಲಿ ಮೊದಲು ಬಂದವನಿಗೆ ಬಹುಮಾನ ಇಲ್ಲ. ಮುಗಿಸಿದವರಿಗೆಲ್ಲ ಪದಕ. ಶುಕ್ರವಾರ ಸಂಜೆಯಿಂದ ಶನಿವಾರ ಬೆಳಿಗ್ಗೆವರೆಗೆ ಗುಂಪು ಗುಂಪಾಗಿ ಬಿಡ್ತಾ ಇರ್ತಾರೆ. ಹತ್ತು ಗಂಟೆಯೊಳಗೆ ಮುಗಿಸೋರೂ ಇದ್ದಾರೆ, ಇಪ್ಪತ್ತು ಗಂಟೆ ತಗೊಳ್ಳೋರೂ ಇದ್ದಾರೆ, ಇಬ್ಬರಿಗೂ ಸಿಗೋದು ಅದೇ ಪದಕ. ದಾರಿಯುದ್ದಕ್ಕೂ ನಿಲ್ಲಿಸಿ ತಿನ್ನೋಕೆ ಕೊಡ್ತಾರೆ: ಬನ್ನು, ಉಪ್ಪಿನ ಸೌತೆಕಾಯಿ, ಬಿಸಿ ಬಿಸಿ ಬ್ಲೂಬೆರಿ ಸೂಪು. ಯೋನ್‌ಶೋಪಿಂಗ್ ಊರಲ್ಲಿ ಮಾಂಸದ ಉಂಡೆ ಜೊತೆ ಆಲೂಗಡ್ಡೆ ಪಲ್ಯದಂಥದ್ದು. ಒಂದು ಥರ ಜಾತ್ರೆಗೆ ಹೋಗೋರಿಗೆ ದಾರಿಯಲ್ಲಿ ಪಾನಕ ಮಜ್ಜಿಗೆ ಕೊಟ್ಟ ಹಾಗೆ.

ಇಂಥದ್ದಕ್ಕೆ ಇವರ ಭಾಷೆಯಲ್ಲಿ ಒಂದು ಪದವೇ ಇದೆ. ಗೆಲ್ಲೋಕಲ್ಲ, ಬರೀ ಮೈಗೆ ವ್ಯಾಯಾಮ ಆಗಲಿ ಅಂತ ಮಾಡೋದಕ್ಕೆ "ಮೋಷನ್" ಅಂತಾರೆ (ಉಚ್ಚಾರ ಸ್ವಲ್ಪ ಬೇರೆ). "ನಿನ್ನೆ ನನಗೆ ಎರಡು ಗಂಟೆ ಮೋಷನ್ ಆಯ್ತು, ಬಹಳ ಖುಷಿಯಾಯ್ತು" ಅಂತ ಸಹೋದ್ಯೋಗಿ ಹೇಳಿದಾಗ ಕನ್ನಡಿಗನಾದವನು ನಗು ತಡ್ಕೊಳ್ಳೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು :-) ಆದರೆ ಪದ ಇರೋದು ದೊಡ್ಡ ವಿಷಯ. ನಮ್ಮಲ್ಲಿ ಆಟ ಅಂದ್ರೆ ಒಂದೋ ಚಿಕ್ಕ ಮಕ್ಕಳದ್ದು, ಇಲ್ಲಾ ಟೀವಿಯಲ್ಲಿ ಬರೋರದ್ದು. ನಡುವೆ ಇರೋ ಐವತ್ತು ವರ್ಷದ ಮನುಷ್ಯ ಏನು ಮಾಡ್ತಾನೋ ಅದಕ್ಕೆ ಹೆಸರೇ ಇಲ್ಲ, "ವಾಕಿಂಗ್" ಅನ್ನೋದೊಂದು ಬಿಟ್ರೆ. ಇಲ್ಲಿ ಎಪ್ಪತ್ತರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಸ್ವೀಡಿಶ್ ಕ್ಲಾಸಿಕ್" ಅಂತ ಮಾಡಿದ್ರು. ಒಂದು ವರ್ಷದೊಳಗೆ ವಾಸಾಲೊಪೆಟ್‌ನ 90 ಕಿಲೋಮೀಟರ್ ಸ್ಕೀ, ವೆಟ್ಟರ್ನ್ ಸೈಕಲ್, ವಾನ್ಸ್‌ಬ್ರೋದಲ್ಲಿ ನದಿಯ ಈಜು 3 ಕಿಲೋಮೀಟರ್, ಸ್ಟಾಕ್‌ಹೋಮಿಗೆ ಅಂಟಿಕೊಂಡಿರೋ ಲೀಡಿಂಗೊ ದ್ವೀಪದಲ್ಲಿ 30 ಕಿಲೋಮೀಟರ್ ಓಟ. ನಾಲ್ಕೂ ಮುಗಿಸಿದವರಿಗೆ ಒಂದು ಪ್ರಮಾಣಪತ್ರ. ನಲವತ್ತು ತುಂಬಿದವರು ಇದಕ್ಕೆ ಹೆಸರು ಕೊಟ್ಟರೆ "ಓಹೋ, ಇವನಿಗೆ ವಯಸ್ಸಿನ ಹೆದರಿಕೆ ಶುರುವಾಯ್ತು" ಅಂತ ಸ್ನೇಹಿತರು ಕಾಲೆಳೀತಾರೆ. ಆದರೂ ಮಾಡ್ತಾರೆ.

ಮೂರನೇ ಕಾರಣ ನನಗೆ ಬಹಳ ಇಷ್ಟ ಆಗಿದ್ದು, ಯಾಕಂದ್ರೆ ಇದು ಪಕ್ಕಾ ಪ್ರಯೋಗ ಮಾಡಿ ಅಳೆದಿದ್ದು. 1912ರ ಸ್ಟೇಡಿಯಮ್ಮಿನ ಪಕ್ಕದಲ್ಲೇ ಒಂದು ವ್ಯಾಯಾಮ ಮತ್ತು ಕ್ರೀಡಾ ಕಾಲೇಜಿದೆ. ಅದನ್ನ ಪೇರ್ ಹೆನ್ರಿಕ್ ಲಿಂಗ್ ಅನ್ನೋರು ಶುರು ಮಾಡಿದ್ದು 1813ರಲ್ಲಿ. ಅಲ್ಲಿ ಪೇರ್-ಊಲೋಫ್ ಓಸ್ಟ್ರಾಂಡ್ ಅಂತ ಒಬ್ಬ ಶರೀರಶಾಸ್ತ್ರಜ್ಞರಿದ್ರು. 1954ರಲ್ಲಿ ಅವರೂ ಇರ್ಮಾ ರೀಮಿಂಗ್ ಅನ್ನೋ ವಿಜ್ಞಾನಿಯೂ ಸೇರಿ ಒಂದು ಸರಳವಾದ ಪರೀಕ್ಷೆ ಕೊಟ್ಟರು. ನಿಂತಲ್ಲೇ ತುಳಿಯೋ ಸೈಕಲ್ ಮೇಲೆ ಕೂರಿಸಿ, ಒಂದೇ ಹದದ ಭಾರ ಕೊಟ್ಟು, ಸುಮಾರು ಆರು ನಿಮಿಷ ತುಳಿಸೋದು. ಆಮೇಲೆ ಎದೆಬಡಿತ ಎಷ್ಟಿದೆ ನೋಡಿ, ಒಂದು ಪಟ್ಟಿಯಲ್ಲಿ ಗೆರೆ ಎಳೆದು, ಈ ಮನುಷ್ಯನ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಂದಾಜು ಮಾಡೋದು. ಅದಕ್ಕೂ ಮುಂಚೆ ಇದನ್ನ ಅಳೀಬೇಕಿದ್ರೆ ಮನುಷ್ಯನನ್ನ ಸುಸ್ತಾಗಿ ಬೀಳೋವರೆಗೆ ಓಡಿಸಬೇಕಿತ್ತು, ಮೂಗು ಬಾಯಿಗೆ ಕೊಳವೆ ಕಟ್ಟಬೇಕಿತ್ತು. ಐವತ್ತೈದು ವರ್ಷದ ಗುಮಾಸ್ತನನ್ನ ಹಾಗೆ ಓಡಿಸೋಕಾಗತ್ತಾ? ಈ ಪರೀಕ್ಷೆಯಲ್ಲಿ ಯಾರನ್ನ ಬೇಕಾದ್ರೂ ಕೂರಿಸಬಹುದು. ಅದಕ್ಕೆ ಬೇಕಾದ ಸೈಕಲ್ ಯಂತ್ರವನ್ನ ಸ್ವೀಡನ್ನಿನದೇ ಸೈಕಲ್ ಕಂಪನಿ ಮೊನಾರ್ಕ್ ತಯಾರಿಸಿತು. ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಅದೇ ಇದೆ. ರೀಮಿಂಗ್ ಆಮೇಲೆ ಓಸ್ಟ್ರಾಂಡ್ ಅವರನ್ನೇ ಮದುವೆಯಾದ್ರು. 1960ರಲ್ಲಿ ವಯಸ್ಸಾದ ಹಾಗೆ ಈ ಶಕ್ತಿ ಹೇಗೆ ಇಳಿಯತ್ತೆ ಅನ್ನೋದರ ಬಗ್ಗೆಯೇ ದೊಡ್ಡ ಅಧ್ಯಯನ ಪ್ರಕಟಿಸಿದ್ರು.

ವಯಸ್ಸಾದ ಹಾಗೆ ಇಳಿಯತ್ತೆ, ಅದರಲ್ಲಿ ಎರಡು ಮಾತಿಲ್ಲ. ಎದೆ ಎಷ್ಟು ವೇಗವಾಗಿ ಬಡ್ಕೊಳ್ಳಬಲ್ಲದೋ ಆ ಗರಿಷ್ಠವೇ ವರ್ಷ ವರ್ಷ ಕಡಿಮೆಯಾಗ್ತಾ ಹೋಗತ್ತೆ. ಪ್ರಶ್ನೆ ಇರೋದು ಎಷ್ಟು ಇಳಿಯತ್ತೆ, ಅದರಲ್ಲಿ ವಯಸ್ಸಿನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು ಅನ್ನೋದು. ಓಸ್ಟ್ರಾಂಡ್ 1949ರಲ್ಲಿ ಆ ಕಾಲೇಜಿನ ವಿದ್ಯಾರ್ಥಿಗಳನ್ನ ಅಳೆದಿಟ್ಟಿದ್ರು. ಅವರಲ್ಲೇ 53 ಜನರನ್ನ 1970ರಲ್ಲಿ ಮತ್ತೆ ಕರೆದು ಅಳೆದ್ರು. ಮೂರನೇ ಸಲ 1982ರಲ್ಲಿ. ಒಟ್ಟು 33 ವರ್ಷ. ಇಪ್ಪತ್ತರ ಹುಡುಗ ಹುಡುಗಿಯರು ಐವತ್ತು ದಾಟೋವರೆಗೆ. ಮೊದಲ ಇಪ್ಪತ್ತೊಂದು ವರ್ಷದಲ್ಲಿ ಅವರ ಶಕ್ತಿ ಸುಮಾರು ಐದನೇ ಒಂದು ಪಾಲು ಇಳಿದಿತ್ತು. ಅದಾದ ಮೇಲಿನ ಹನ್ನೆರಡು ವರ್ಷದಲ್ಲಿ? ಇನ್ನೂ ಜೋರಾಗಿ ಇಳೀಬೇಕಿತ್ತು ಅಲ್ವಾ, ನಲವತ್ತರಿಂದ ಐವತ್ತು ದಾಟೋ ಹೊತ್ತು. ಹೆಚ್ಚೇನೂ ಇಳಿದಿರಲಿಲ್ಲ! ಆ ನಡುವಿನ ಹನ್ನೆರಡು ವರ್ಷದಲ್ಲಿ ಅವರು ಹೆಚ್ಚು ವ್ಯಾಯಾಮ ಮಾಡಲು ಶುರು ಮಾಡಿದ್ದೇ ಕಾರಣ ಅಂತ ಅವರ ವಿವರಣೆ. ದೇಶದಲ್ಲೆಲ್ಲ ಆ "ಮೋಷನ್" ಗಾಳಿ ಬೀಸ್ತಾ ಇದ್ದಿದ್ದೂ ಆಗಲೇ. 53 ಜನ ಅಂದ್ರೆ ಸಣ್ಣ ಗುಂಪು, ಅವರು ವ್ಯಾಯಾಮ ಕಲಿಸೋ ಮೇಷ್ಟ್ರುಗಳು ಬೇರೆ, ಎಲ್ಲರಿಗೂ ಹೀಗೇ ಆಗತ್ತೆ ಅಂತ ಹೇಳೋಕಾಗಲ್ಲ. ಆದರೂ ನಲವತ್ತರಲ್ಲಿ ಮತ್ತೆ ಶುರು ಮಾಡಿದ್ರೂ ಪ್ರಯೋಜನ ಇದೆ ಅನ್ನೋಕೆ ಇಷ್ಟು ತಾಳ್ಮೆಯಿಂದ ಅಳೆದವರು ಕಡಿಮೆ. ವ್ಯಾಯಾಮ ಮಾಡ್ತೀನಿ ಅನ್ನೋನಿಗಿಂತ, ಮಾಡದೇ ಕೂತಿರ್ತೀನಿ ಅನ್ನೋನನ್ನೇ ಮೊದಲು ಡಾಕ್ಟರ ಹತ್ತಿರ ಕಳಿಸಬೇಕು ಅನ್ನೋ ಅರ್ಥದ ಮಾತು ಓಸ್ಟ್ರಾಂಡ್ ಆಡ್ತಿದ್ರಂತೆ. ಅವರು ಬದುಕಿದ್ದು 92 ವರ್ಷ.

ಇಷ್ಟು ಓದಿದ ಮೇಲೆ ನನಗೆ ನೆನಪಾಗಿದ್ದು ನಮ್ಮಪ್ಪ.

ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಹೋಗಿ ಬರೋಕೆ ಹದಿನೆಂಟು ಕಿಲೋಮೀಟರ್ ಸೈಕಲ್ ಹೊಡೀತಿದ್ರು. ಹಿಂದಿನ ಕ್ಯಾರಿಯರಿಗೆ ಊಟದ ಡಬ್ಬಿ, ಮಳೆಗಾಲದಲ್ಲಿ ತಲೆ ಮೇಲೊಂದು ಪ್ಲಾಸ್ಟಿಕ್ಕು. ಅವರಿಗೆ ಅದು ವ್ಯಾಯಾಮ ಅಲ್ಲ, ಗತಿ ಇಲ್ಲದ್ದಕ್ಕೆ ಹೊಡೀತಿದ್ದಿದ್ದು. ನಾನು ಇನ್ನೂ ಅಂಬೆಗಾಲಿಡೋ ಕಾಲಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ತಂದ್ರು. ಅವತ್ತು ಅದಕ್ಕೆ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು, ಬೀದಿಗೆಲ್ಲ ಸಿಹಿ ಹಂಚಿದ್ರಂತೆ. ಸೈಕಲ್ಲು ಕೊಟ್ಟಿಗೆಗೆ ಹೋಯ್ತು. ನಮ್ಮ ಕಡೆ ಸೈಕಲ್ ಬಿಡೋದು ಅಂದ್ರೆ ಒಂದು ಬಡ್ತಿ. ಸ್ಕೂಟರಿನಿಂದ ಕಾರಿಗೆ ಹೋಗೋದು ಇನ್ನೊಂದು ಬಡ್ತಿ. ಬಡ್ತಿ ಸಿಕ್ಕಿದವನು ವಾಪಸ್ ಹಳೇ ಹುದ್ದೆಗೆ ಹೋಗ್ತಾನಾ?

ಅಪ್ಪನಿಗೆ ಈಗ ಐವತ್ತೇಳು. ಶುಗರ್ ಬಂದು ಆರು ವರ್ಷ ಆಯ್ತು. ವಾಕಿಂಗ್ ಮಾಡಿ ಅಂತಾರೆ ಡಾಕ್ಟರು. ಸ್ವಲ್ಪ ದೂರ ನಡೆದ್ರೆ ಮಂಡಿ ನೋವು ಅಂತಾರೆ ಅಪ್ಪ. ಸೈಕಲ್ಲಿನಲ್ಲಿ ಮೈಭಾರವನ್ನ ಬಹುಪಾಲು ಸೀಟೇ ಹೊರತ್ತೆ, ಮಂಡಿ ಬರೀ ತಿರುಗತ್ತೆ, ಅದಕ್ಕೇ ಇಲ್ಲಿ ಓಟ ಬಿಟ್ಟವರೆಲ್ಲ ಸೈಕಲ್ಲಿಗೆ ಬರ್ತಾರೆ ಅಂತ ಫೋನಿನಲ್ಲಿ ವಿವರಿಸಿದೆ. ನಾನು ಇಲ್ಲಿ ಸೈಕಲ್ ತಗೊಂಡಿದ್ದೀನಿ ಅಂದಾಗಲೇ "ಯಾಕಪ್ಪಾ, ಸಂಬಳ ಸರಿಯಾಗಿ ಬರ್ತಿಲ್ವಾ?" ಅಂತ ಕೇಳಿದವರು ಅವರು. ಇದಕ್ಕೆ ಒಂದು ನಿಮಿಷ ಸುಮ್ಮನಿದ್ದು ಅಂದ್ರು, "ಮಗ ಫಾರಿನ್ನಿನಲ್ಲಿ, ಅಪ್ಪ ಸೈಕಲ್ಲಿನಲ್ಲಿ ಅಂತ ಊರಲ್ಲಿ ಆಡ್ಕೊಳ್ಳಲ್ವೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಪರಾಂಡಾದ ಅಜ್ಜನ ಮುಂದೆ ಇದ್ದಿದ್ದು ಕಾಗದದ ಮೇಲೆ ಬರೆದ ನಿಯಮ, ನಲವತ್ತು ಅಂತ ಒಂದು ಸಂಖ್ಯೆ. ನಂಬರ್ ಕೊಡದಿದ್ರೆ ಸೊನ್ನೆ ಹಾಕ್ಕೊಂಡು ಹೊರಡಬಹುದು. ಅಪ್ಪನ ಮುಂದಿರೋದನ್ನ ಯಾರೂ ಬರೆದಿಟ್ಟಿಲ್ಲ. ನಾಲ್ಕು ಜನ ಏನಂತಾರೆ ಅನ್ನೋದಕ್ಕೆ ವಯಸ್ಸಿನ ಮಿತಿಯೂ ಇಲ್ಲ, ಅದನ್ನ ತಿದ್ದೋಕೆ ಸಮಿತಿಯೂ ಇಲ್ಲ. ಸ್ವೀಡನ್ನಿನವರೂ ಒಂದು ಕಾಲದಲ್ಲಿ ಹೀಗೇ ಇದ್ರು ಅನ್ನೋದಷ್ಟೇ ನನಗೆ ಸಮಾಧಾನ. ಹಲವು ದಶಕಗಳೇ ಹಿಡೀತು ಅವರಿಗೆ, ಅಜ್ಜನ ಸೊನ್ನೆಯಿಂದ ಇಪ್ಪತ್ತು ಸಾವಿರ ಜನರವರೆಗೆ ಬರೋಕೆ.

ನಮ್ಮಲ್ಲೂ ಗಾಳಿ ಬದಲಾಗ್ತಿರೋದು ಸುಳ್ಳಲ್ಲ. ಬೆಂಗಳೂರು, ಮೈಸೂರಿನ ಕಡೆ ವಾರದ ಕೊನೆಗೆ 200, 300, 400, 600 ಕಿಲೋಮೀಟರ್ "ಬ್ರೆವೆ" ಅಂತ ಹೊಡೆಯೋರು ಎಷ್ಟೋ ಜನ ಇದ್ದಾರೆ. ಇದು ಫ್ರಾನ್ಸಿನಿಂದ ಬಂದ ಪದ್ಧತಿ, ಇದರಲ್ಲೂ ಮೊದಲ ಸ್ಥಾನ ಅಂತ ಇಲ್ಲ, ಗೊತ್ತಾದ ಸಮಯದೊಳಗೆ ಮುಗಿಸಿದ್ರೆ ಸಾಕು. 200ಕ್ಕೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಇದರ ದೊಡ್ಡಣ್ಣ ನಾಲ್ಕು ವರ್ಷಕ್ಕೊಮ್ಮೆ ನಡೆಯೋ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1,200 ಕಿಲೋಮೀಟರನ್ನ 90 ಗಂಟೆಯೊಳಗೆ. 2019ರಲ್ಲಿ ಅದಕ್ಕೆ ನಮ್ಮ ದೇಶದಿಂದಲೇ ಮುನ್ನೂರಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ರು. ಆದರೆ ಇವರಲ್ಲಿ ಹೆಚ್ಚಿನವರು ದೊಡ್ಡ ಊರಿನವರು, ಲಕ್ಷದ ಸೈಕಲ್ಲಿನವರು. ಕಾರಿದ್ದವನು ಸೈಕಲ್ ಹತ್ತಿದ್ರೆ ಅದು ಫಿಟ್‌ನೆಸ್, ಕಾರಿಲ್ಲದವನು ಹತ್ತಿದ್ರೆ ಅದು ಪಾಪ. ಈ ವ್ಯತ್ಯಾಸ ಹೋಗೋವರೆಗೆ ತಿಪಟೂರಿನ ಐವತ್ತೇಳರ ಮನುಷ್ಯನಿಗೆ ಕಷ್ಟವೇ.

ನಿಮ್ಮ ಮನೆಯಲ್ಲೂ ಹೀಗೆ ಸೈಕಲ್ ಬಿಟ್ಟ ಅಪ್ಪ, ಚಿಕ್ಕಪ್ಪ, ಮಾವ ಇದ್ರೆ ಒಂದೇ ಮಾತು. 315ರ ಸುದ್ದಿ ಮೊದಲೇ ಹೇಳಿ ಹೆದರಿಸಬೇಡಿ. ಮೊದಲು ಬಿಪಿ, ಶುಗರ್, ಎದೆ ಒಮ್ಮೆ ತೋರಿಸಿ. ಶುಗರ್ ಮಾತ್ರೆ ತಗೊಳ್ಳೋರು ಖಾಲಿ ಹೊಟ್ಟೆಯಲ್ಲಿ ದೂರ ಹೋಗದೆ, ಜೇಬಲ್ಲೊಂದಿಷ್ಟು ಬೆಲ್ಲವೋ ಗ್ಲೂಕೋಸೋ ಇಟ್ಕೊಳ್ಳಲಿ. ಸೀಟು ತೀರಾ ತಗ್ಗಿದ್ರೆ ಮಂಡಿಗೇ ಪೆಟ್ಟು, ಪೆಡಲ್ ಕೆಳಗೆ ಹೋದಾಗ ಕಾಲು ಬಹುತೇಕ ನೇರ ಆಗೋ ಹಾಗೆ ಎತ್ತರಿಸಿ. ಮೊದಲ ತಿಂಗಳು ಐದು ಕಿಲೋಮೀಟರ್ ಸಾಕು. ವೇಗ ಬೇಡ. ಉಕ್ಕಿನ ತಾತನ ಸರಾಸರಿ ಗಂಟೆಗೆ ಹನ್ನೊಂದೇ ಅಂತ ಧೈರ್ಯ ಹೇಳಿ.

ಅಪ್ಪನಿಗೂ ಈ ಅಜ್ಜನ ಫೋಟೋ ಕಳಿಸಿದ್ದೆ, ಗಡ್ಡ ಬಿಟ್ಟುಕೊಂಡು ಸೈಕಲ್ ಮೇಲೆ ಕೂತಿರೋದು. "ಒಳ್ಳೆ ಸ್ವಾಮೀಜಿ ಥರ ಇದ್ದಾನೆ" ಅಂದ್ರು, ಬೇರೇನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಅಮ್ಮ ಫೋನ್ ಮಾಡಿದಾಗ ಮಾತಿನ ನಡುವೆ ಹೇಳಿದ್ರು, "ಗಾಳಿ ಹೊಡೆಯೋ ಪಂಪು ಎಲ್ಲಿಟ್ಟಿದ್ದೀಯ ಅಂತ ನಿಮ್ಮಪ್ಪ ಕೇಳ್ತಿದ್ರು ಕಣೋ, ಯಾಕೋ ಗೊತ್ತಿಲ್ಲ."